ಸಹಾಯ ಬೇಕು: 'ಮುಕಾತಬಾ' ಪದಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಆಟೊಮನ್ ಕಾಲದ ಬುರ್ಸಾ (ಈಗಿನ ಟರ್ಕಿಯಲ್ಲಿದೆ) ಪಟ್ಟಣದ ರೇಷ್ಮೆ ನೇಯ್ಗೆ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

15ನೇ ಶತಮಾನದಲ್ಲಿ ಅಲ್ಲಿನ ಮಗ್ಗಗಳಲ್ಲಿ ಗುಲಾಮರೂ ನೇಯುತ್ತಿದ್ದರು. ಇಷ್ಟು ಮಖಮಲ್ ನೇಯ್ದು ಕೊಟ್ಟರೆ ಇವನು ಸ್ವತಂತ್ರ ಅಂತ ಒಡೆಯ ಕರಾರು ಮಾಡಿಕೊಳ್ಳುತ್ತಿದ್ದ. ಖಾಜಿಯ ದಫ್ತರದಲ್ಲಿ ಅದು ದಾಖಲಾಗುತ್ತಿತ್ತು. ಇದೇ ಮುಕಾತಬಾ. ಕುರಾನಿನ 24ನೇ ಅಧ್ಯಾಯ, 33ನೇ ವಚನದಲ್ಲಿ ಇದರ ಮಾತಿದೆ. ಹನಫಿ (ಇಸ್ಲಾಮಿ ಕಾನೂನಿನ ಒಂದು ಪಂಥ) ಕಾನೂನಿನಂತೆ ಒಡೆಯ ಆಮೇಲೆ ಸುಮ್ನೆ ಮಾತು ತಪ್ಪುವಂತಿಲ್ಲ. ನಾಜೂಕು ನೇಯ್ಗೆಯನ್ನು ಹೊಡೆದು ಬಡಿದು ಮಾಡಿಸುವುದಕ್ಕಿಂತ ಬಿಡುಗಡೆಯ ಆಸೆ ತೋರಿಸಿದರೆ ಲಾಭ ಜಾಸ್ತಿ, ಅಲ್ವಾ? ನನಗಂತೂ ಇದರಲ್ಲಿ ದಯೆಗಿಂತ ಲೆಕ್ಕಾಚಾರವೇ ಕಾಣುತ್ತದೆ.

ಈಗ ತೊಂದರೆ ಪದದ್ದು. 'ಜೀತ ವಿಮುಕ್ತಿ' ಅಂತ ಬರೆದೆ, ಹೊಡೆದು ಹಾಕಿದೆ. ಜೀತ ಅಂದ ಕೂಡಲೇ ನಮಗೆ ಸಾಲ, ಗೌಡರ ಮನೆ ನೆನಪಾಗುತ್ತದೆ. ಸದ್ಯಕ್ಕೆ 'ಬಿಡುಗಡೆ ಕರಾರು' ಅಂತ ಇಟ್ಟಿದ್ದೇನೆ. ಸರಿಯಾ?

'ಉಮ್ಮ್ ವಲದ್' ಇನ್ನೂ ಕಷ್ಟ. ಒಡೆಯನಿಗೆ ಮಗು ಹೆತ್ತ ದಾಸಿ. ಅವಳನ್ನು ಮಾರುವಂತಿಲ್ಲ, ಒಡೆಯ ಸತ್ತರೆ ಅವಳು ಸ್ವತಂತ್ರಳು. 'ಮಗುವಿನ ತಾಯಿ' ಅಂತ ಬರೆದರೆ ಏನೂ ಹೊಳೆಯುವುದಿಲ್ಲ.

ಇನ್ನೊಂದು ಪ್ರಶ್ನೆ. ಅರ್ಧ ನೇಯ್ದು ಗುಲಾಮ ಸತ್ತರೆ ಅವನ ಮಕ್ಕಳ ಗತಿ ಏನು? ನಮ್ಮ ಕರಾವಳಿಯಲ್ಲಿ ಶಾಫಿ ಪಂಥದವರು ಜಾಸ್ತಿ. ಫಿಕ್ಹ್ (ಇಸ್ಲಾಮಿ ಕಾನೂನು ಶಾಸ್ತ್ರ) ಓದಿದವರು ಯಾರಾದರೂ ಗುಂಪಿನಲ್ಲಿದ್ದರೆ ಹನಫಿ, ಶಾಫಿ ಎರಡೂ ಪಂಥಗಳ ನಿಯಮ ಹೇಳ್ತೀರಾ?