ವಿದ್ಯಾಳ ಪ್ರಶ್ನೆಗೆ: ಆ ಆಟವನ್ನು ಅಳಿಸಬೇಡ

ವಿದ್ಯಾ, ನಿನ್ನೆ ರಾತ್ರಿ ನೀನು ನಮ್ಮ ಕುಟುಂಬದ ಗುಂಪಿನಲ್ಲಿ ಬರೆದದ್ದನ್ನು ಬೆಳಿಗ್ಗೆ ಕಾಫಿಯ ಹೊತ್ತಿಗೆ ಓದಿದೆ. ಚಿನ್ಮಯ ‘ಡ್ರ್ಯಾಗನ್ ಕ್ವೆಸ್ಟ್’ ಎಂಬ, ಆಡುವವನೇ ಒಂದು ಪಾತ್ರವಾಗಿ ಕಥೆಯೊಳಗೆ ಸಾಗುವ ರೋಲ್ ಪ್ಲೇಯಿಂಗ್ ಗೇಮಿಗೆ ಅಂಟಿಕೊಂಡಿದ್ದಾನೆ, ಊಟಕ್ಕೆ ಕರೆದರೆ ‘ಚರ್ಚ್ ಸಿಗುವವರೆಗೆ ತಡಿ ಅಮ್ಮ’ ಎನ್ನುತ್ತಾನೆ, ಒಂಬತ್ತನೆಯ ತರಗತಿಯ ಹುಡುಗನಿಗೆ ಇದರಲ್ಲಿ ಅಂಥದ್ದೇನು ಸಿಗುತ್ತದೆ, ಇದೇನು ಕಾಯಿಲೆಯೇ, ಅವನು ಶಾಲೆಗೆ ಹೋದ ಹೊತ್ತಿನಲ್ಲಿ ಅದನ್ನು ಕಂಪ್ಯೂಟರಿನಿಂದಲೇ ಅಳಿಸಿಬಿಡಲೇ ಎಂದು ಕೇಳಿದ್ದೀಯ. ನನ್ನ ಧ್ವನಿ ಸಂದೇಶವನ್ನು ಯಾರೂ ಕೊನೆಯವರೆಗೆ ಕೇಳುವುದಿಲ್ಲ ಎಂಬುದು ನನಗೆ ತಿಳಿಯದ ಸಂಗತಿಯಲ್ಲ. ಆದ್ದರಿಂದ ಫೋನಿನ ಎದುರು ಮಾತನಾಡಿ, ಅದು ಬರೆದುಕೊಂಡದ್ದರ ಕಾಗುಣಿತ ತಿದ್ದಿ ಕಳಿಸುತ್ತಿದ್ದೇನೆ. 34 ವರ್ಷ ಮಕ್ಕಳ ಉತ್ತರ ಪತ್ರಿಕೆ ತಿದ್ದಿದ ಕೈ ಸುಮ್ಮನಿರುವುದಿಲ್ಲ.

ಮೊದಲು ಹೇಳಬೇಕಾದದ್ದು ಇಷ್ಟು: ಅಳಿಸಬೇಡ. ಬೈಯುವುದಿದ್ದರೆ ಎದುರಿಗೇ ಬೈ, ಕೈ ಹಿಡಿದು ಎಬ್ಬಿಸಿ ಊಟಕ್ಕೆ ಕೂರಿಸು. ಆದರೆ ಅವನು ಆಡಿ ಉಳಿಸಿಟ್ಟುಕೊಂಡದ್ದಕ್ಕೆ ಅವನಿಲ್ಲದ ಹೊತ್ತಿನಲ್ಲಿ ಕೈ ಹಾಕಬೇಡ. ನಾನು ಹಾಗೆ ಕೈ ಹಾಕಿದವನು.

ನಮ್ಮ ಮಗ ರಘುವಿಗೆ ದುಬೈ ಭಾವ ಪ್ಲೇಸ್ಟೇಷನ್ ತಂದುಕೊಟ್ಟದ್ದು ನಿಮಗೆಲ್ಲ ನೆನಪಿರಬಹುದು. ಅದು 2000ದ ಬೇಸಿಗೆ, ಅವನ ಎಸ್ಸೆಸ್ಸೆಲ್ಸಿ ಪರೀಕ್ಷೆ ಆಗಷ್ಟೇ ಮುಗಿದಿತ್ತು. ಅದರ ಜೊತೆಗೆ ಬಂದದ್ದು ‘ಫೈನಲ್ ಫ್ಯಾಂಟಸಿ’ ಸರಣಿಯ ಏಳನೆಯ ಆಟ. 1997ರಲ್ಲಿ ಜಪಾನಿನಲ್ಲಿ ಹೊರಬಂದದ್ದು, ಮೂರು ಡಿಸ್ಕುಗಳಷ್ಟು ಉದ್ದದ ಕಥೆ. ಆಡಿದ್ದೆಲ್ಲವೂ ಉಳಿಯುತ್ತಿದ್ದುದು ಬೆಂಕಿಪೊಟ್ಟಣಕ್ಕಿಂತ ತುಸು ಅಗಲವಾದ ಒಂದು ಬೂದುಬಣ್ಣದ ಬಿಲ್ಲೆಯಲ್ಲಿ. ಅದನ್ನು ಮೆಮೊರಿ ಕಾರ್ಡ್ ಎನ್ನುತ್ತಿದ್ದರು. ಚೌಕಾಬಾರದ ಹಾಗೆ ಅದರಲ್ಲಿ 15 ಮನೆಗಳು, ಎಷ್ಟು ದೂರ ಬಂದೆನೆಂಬುದನ್ನು ಆಡುವವನು ಆ ಮನೆಗಳಲ್ಲಿ ಬರೆದಿಡಬೇಕು. ಜೂನಿನಲ್ಲಿ ಮಳೆ ಹಿಡಿಯಿತು. ನಮ್ಮ ಕುಂದಾಪುರದ ಮಳೆಗಾಲದಲ್ಲಿ ಕರೆಂಟ್ ಹೋಗುವುದಕ್ಕೆ ಗುಡುಗೇ ಬೇಕೆಂದಿಲ್ಲವಾದ್ದರಿಂದ, ಆಕಾಶ ಸ್ವಲ್ಪ ಕಪ್ಪಾದರೆ ಸಾಕು, ಹುಡುಗ ಆಟದೊಳಗೆ ಉಳಿಸುವ ಜಾಗವನ್ನು ಹುಡುಕಿಕೊಂಡು ಓಡುತ್ತಿದ್ದ. ಅಂಗಳದ ಹಪ್ಪಳ ಒಳಗೆ ತರಲು ಹೀಗೆ ಓಡಿದ್ದರೆ ನಿಮ್ಮ ದೊಡ್ಡಮ್ಮ ಸಂತೋಷಪಡುತ್ತಿದ್ದಳು.

ಒಂದು ಸಂಜೆ ನೋಡುತ್ತೇನೆ, ಟಿವಿಯ ಎದುರು ಕೂತು ಅಳುತ್ತಿದ್ದಾನೆ. ಮೊದಲ ಡಿಸ್ಕಿನ ಕೊನೆಗೆ, ಹೂ ಮಾರುತ್ತಿದ್ದ ಒಬ್ಬ ಹುಡುಗಿಯನ್ನು ಕೊಲ್ಲುತ್ತಾರೆ. ಅಲ್ಲಿಯವರೆಗೆ ಅವಳು ಆಡುವವನ ಜೊತೆಗೇ ಇದ್ದು, ಪೆಟ್ಟಾದಾಗ ಗುಣಪಡಿಸುತ್ತ ಬಂದವಳು. ‘ಗೊಂಬೆ ಸತ್ತದ್ದಕ್ಕೆ ಅಳುತ್ತೀಯಲ್ಲ, ಮೀಸೆ ಬರುವ ಗಂಡಸು’ ಎಂದು ನಾನು ನಕ್ಕೆ. ಯಕ್ಷಗಾನದಲ್ಲಿ ಅಭಿಮನ್ಯು ಕಾಳಗ ನೋಡಿ ಬೆಳಗಿನ ಜಾವ ಶಾಲಿನ ಅಂಚಿನಲ್ಲಿ ಕಣ್ಣೊರೆಸಿಕೊಂಡು ಮನೆಗೆ ಬರುತ್ತಿದ್ದವನೂ ನಾನೇ ಎಂಬುದು ಆಗ ನನ್ನ ನೆನಪಿಗೆ ಬರಲಿಲ್ಲ.

ಪ್ರಥಮ ಪಿಯುಸಿಯ ಮೊದಲ ಪರೀಕ್ಷೆಯಲ್ಲಿ ಗಣಿತಕ್ಕೆ 31 ಅಂಕ ಬಂತು. ಆ ಸಂಜೆ ಊಟಕ್ಕೆ ಕರೆದೆ, ‘ಹತ್ತು ನಿಮಿಷ’ ಎಂದ. ಮತ್ತೆ ಕರೆದೆ, ಮತ್ತೆ ‘ಹತ್ತು ನಿಮಿಷ’. ಮೂರನೆಯ ಸಲ ನಾನು ಕರೆಯಲಿಲ್ಲ. ಒಳಗೆ ಹೋಗಿ ಆ ಬಿಲ್ಲೆಯನ್ನು ಕಿತ್ತು, ಹಿತ್ತಿಲಿಗೆ ಹೋಗಿ ಬಾವಿಗೆ ಎಸೆದೆ. ಮಳೆಗಾಲದ ಕೊನೆಯಾದ್ದರಿಂದ ನೀರು ಕೈಗೆಟುಕುವಷ್ಟು ಮೇಲಿತ್ತು, ಬಿದ್ದ ಸದ್ದೇ ಸರಿಯಾಗಿ ಕೇಳಿಸಲಿಲ್ಲ. ರಘು ಹಿಂಬಾಗಿಲಲ್ಲಿ ನಿಂತಿದ್ದ. ಅಳಲಿಲ್ಲ, ಜಗಳವಾಡಲಿಲ್ಲ. ವಯರುಗಳನ್ನೆಲ್ಲ ಒಂದೊಂದಾಗಿ ಸುತ್ತಿ, ಯಂತ್ರವನ್ನು ಬಂದ ಪೆಟ್ಟಿಗೆಯಲ್ಲೇ ಇಟ್ಟು ಅಟ್ಟಕ್ಕೆ ಏರಿಸಿದ. ಅಲ್ಲಿಂದ ಎರಡು ವರ್ಷ ನನ್ನ ಹತ್ತಿರ ಅವನು ಆಡಿದ್ದು ‘ಹ್ಞೂಂ’ ಮತ್ತು ‘ಇಲ್ಲ’ ಎಂಬ ಎರಡೇ ಮಾತು. ಗಣಿತದ ಅಂಕ ಏರಿತೇ ಎಂದು ಕೇಳುವವರಿದ್ದರೆ ಹೇಳುತ್ತೇನೆ, ಮುಂದಿನ ಪರೀಕ್ಷೆಯಲ್ಲಿ 28 ಬಂತು.

ಹೋದ ವರ್ಷ ಟೊರೊಂಟೊದಿಂದ ಬಂದಿದ್ದಾಗ, ಜಗಲಿಯಲ್ಲಿ ಕೂತು ಅದೇ ಬಾವಿಯನ್ನು ನೋಡುತ್ತ ಅವನಾಗಿಯೇ ಆ ವಿಷಯ ತೆಗೆದ. ಆ ಆಟ ಆಡಿದ ಸಮಯವನ್ನೂ ಲೆಕ್ಕ ಇಡುತ್ತದಂತೆ, 62 ಗಂಟೆಗಳಾಗಿದ್ದವಂತೆ. ಹೋದ ಗಂಟೆಗಳಿಗೆ ತನಗೆ ಬೇಸರವಿಲ್ಲ ಎಂದ. ಅದರಲ್ಲಿ ಜೊತೆಗೆ ಬರುವ ಒಬ್ಬೊಬ್ಬರಿಗೂ ಆಡುವವನು ತನಗೆ ಬೇಕಾದ ಹೆಸರಿಡಬಹುದು. ಒಂದು ಕೈಯಿದ್ದ ಜಾಗದಲ್ಲಿ ಬಂದೂಕು ಜೋಡಿಸಿಕೊಂಡ, ಸದಾ ಕೂಗಾಡುವ, ಆದರೆ ಸಾಕುಮಗಳೆಂದರೆ ಪ್ರಾಣ ಬಿಡುವ ದಾಂಡಿಗನೊಬ್ಬನಿದ್ದಾನೆ. ಅವನಿಗೆ ರಘು ಇಂಗ್ಲಿಷ್ ಅಕ್ಷರಗಳಲ್ಲಿ ‘ಅಪ್ಪಯ್ಯ’ ಎಂದು ಹೆಸರಿಟ್ಟಿದ್ದನಂತೆ. ‘ಅಷ್ಟೂ ಹೊತ್ತು ನೀವು ನನ್ನ ಪಕ್ಕದಲ್ಲೇ ಇದ್ದಿರಿ’ ಎಂದು ಹೇಳಿ ಎದ್ದು ಒಳಗೆ ಹೋದ. ನನಗೆ ಆ ದಿನ ಮಧ್ಯಾಹ್ನ ಊಟ ಸೇರಲಿಲ್ಲ.

ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ ವಿದ್ಯಾ, ಚಿನ್ಮಯನ ಆಟವನ್ನು ಅವನಿಗೆ ತಿಳಿಯದಂತೆ ಅಳಿಸಬೇಡ. ಆಟವನ್ನು ಮತ್ತೆ ಹಾಕಿಕೊಳ್ಳಬಹುದು. ಅದರೊಳಗೆ ಅವನು ಯಾರಾಗಿದ್ದನೋ ಅದನ್ನು ಮತ್ತೆ ಹಾಕಿಕೊಡಲು ನಿನ್ನಿಂದಾಗುವುದಿಲ್ಲ.

ಇನ್ನು ಅಂಥದ್ದೇನು ಸಿಗುತ್ತದೆ ಎಂದು ಕೇಳಿದ್ದೀಯಲ್ಲ. ರಘು ಟೊರೊಂಟೊಗೆ ಮರಳಿದ ಮೇಲೆ ನಾನು ಈ ಬಗ್ಗೆ ಸಾಕಷ್ಟು ಓದಿದೆ, ಅವನನ್ನು ಫೋನಿನಲ್ಲಿ ಸಾಕಷ್ಟು ಪೀಡಿಸಿದೆ. ನಾನು ಈ ರೋಲ್ ಪ್ಲೇಯಿಂಗ್ ಗೇಮುಗಳನ್ನು ವೇಷದ ಆಟ ಎಂದೇ ಕರೆಯುತ್ತೇನೆ, ಏಕೆಂದರೆ ಭಾಗವತರು ಹಾಡಿದ ಪದ್ಯಕ್ಕೆ ಅರ್ಥಧಾರಿಗಳು ಕೂತಲ್ಲಿಯೇ ಪಾತ್ರವಾಗಿ ಮಾತು ಕಟ್ಟುವ ನಮ್ಮ ತಾಳಮದ್ದಳೆ ಬಲ್ಲವರಿಗೆ ಇದರಲ್ಲಿ ಹೊಸದಾಗಿ ತಿಳಿಯಬೇಕಾದದ್ದು ಹೆಚ್ಚಿಲ್ಲ. ವಾಲಿ ಮರದ ಮರೆಯ ಬಾಣಕ್ಕೆ ಬೀಳುತ್ತಾನೆಂಬುದು ಸಭೆಯಲ್ಲಿ ಕೂತ ಮಗುವಿಗೂ ಗೊತ್ತು, ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಲು ಜನ ರಾತ್ರಿಯೆಲ್ಲ ಕೂರುತ್ತಿದ್ದರು. ಕಿರೀಟವಿಲ್ಲ, ಬಣ್ಣವಿಲ್ಲ, ಪಂಚೆ ಶಾಲು ಹೊದ್ದು ಕೂತವರು. ಭಾಗವತರ ಪದ್ಯ ಮೊದಲೇ ಬರೆದಿಟ್ಟದ್ದು. ಆದರೆ ಆ ಪದ್ಯಕ್ಕೆ ಯಾವ ಅರ್ಥ ಹೇಳಬೇಕು, ರಾಮನಿಗೆ ಯಾವ ಪ್ರಶ್ನೆ ಹಾಕಬೇಕು ಎಂಬುದು ಆ ರಾತ್ರಿ ಅರ್ಥಧಾರಿಯ ನಾಲಿಗೆಯ ಮೇಲೆಯೇ ಹುಟ್ಟಬೇಕು. ವೇಷದ ಆಟವೂ ಹೀಗೆಯೇ. ಕಥೆ ಬೇರೆಯವರದು, ನಡೆ ನನ್ನದು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರತಂದಾಗ ಅದರಲ್ಲಿ ಯಂತ್ರವೇ ಇರಲಿಲ್ಲ. ಮೇಜಿನ ಸುತ್ತ ನಾಲ್ಕಾರು ಜನ, ಕಾಗದ, ಪೆನ್ಸಿಲ್, ಒಂದು 20 ಮುಖದ ದಾಳ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ‘ನಾನು ಬಾಗಿಲು ಒಡೆಯುತ್ತೇನೆ’, ‘ನಾನು ಕಾವಲುಗಾರನ ಹತ್ತಿರ ಸುಳ್ಳು ಹೇಳುತ್ತೇನೆ’ ಎಂದು ತಮ್ಮ ಪಾತ್ರದ ಬಾಯಿಂದ ಮಾತನಾಡುತ್ತಾರೆ. ಭಾಗವತ ಒಬ್ಬ, ಅರ್ಥಧಾರಿಗಳು ನಾಲ್ವರು. ಕಂಪ್ಯೂಟರ್ ಬಂದ ಮೇಲೆ ಭಾಗವತನ ಜಾಗದಲ್ಲಿ ಅದು ಕೂತಿತು, ಅಷ್ಟೆ.

ಚಿನ್ಮಯನ ಡ್ರ್ಯಾಗನ್ ಕ್ವೆಸ್ಟನ್ನು 1986ರಲ್ಲಿ ಜಪಾನಿನ ಯೂಜಿ ಹೊರೀ ಎಂಬುವರು ಆರಂಭಿಸಿದರು. ಅದರ ನಾಯಕನ ಬಾಯಿಗೆ ಸಂಭಾಷಣೆಯನ್ನೇ ಕೊಡುವುದಿಲ್ಲ. ಉಳಿದವರೆಲ್ಲ ಅವನೊಡನೆ ಮಾತನಾಡುತ್ತಾರೆ, ಅವನು ಸುಮ್ಮನಿರುತ್ತಾನೆ, ಏಕೆಂದರೆ ಆ ಮೌನದ ಜಾಗ ಆಡುವ ಹುಡುಗನಿಗಾಗಿ ಬಿಟ್ಟದ್ದು. ಇವನು ಆಡುತ್ತಿರುವ ಹನ್ನೊಂದನೆಯದು 2017ರಲ್ಲಿ ಬಂತು. ಹಳ್ಳಿಯಿಂದ ಬಂದ ಹುಡುಗನೊಬ್ಬ ಲೋಕವನ್ನು ಕಾಯಲು ಹುಟ್ಟಿದವನೆಂದು ನಂಬಿ ರಾಜನ ಎದುರು ನಿಂತರೆ, ರಾಜ ಅವನನ್ನೇ ಕೇಡಿನ ಮೂಲವೆಂದು ಕರೆದು ಸೆರೆಗೆ ಹಾಕಿಸುತ್ತಾನೆ. ಅಲ್ಲಿಂದ ಒಬ್ಬ ಕಳ್ಳನ ಜೊತೆ ತಪ್ಪಿಸಿಕೊಂಡು ಹೋಗುವಾಗ ದಾರಿಯಲ್ಲಿ ಒಬ್ಬೊಬ್ಬರಾಗಿ ಅವನನ್ನು ನಂಬುವವರು ಸಿಗುತ್ತಾರೆ. ಈ ಜೂನಿನಲ್ಲಿ ಚಿನ್ಮಯನ ಶಾಲೆ ಬದಲಾಯಿತು, ಇನ್ನೂ ಒಬ್ಬ ಗೆಳೆಯನೂ ಆಗಿಲ್ಲ ಎಂದು ಬರೆದವಳು ನೀನೇ. ಆ ಕಥೆ ಅವನಿಗೇಕೆ ಹಿಡಿಸಿತೆಂದು ನಾನು ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ರುಚಿಯೂ ಇದೆ. ಅಲ್ಲಿ ಪಟ್ಟ ಶ್ರಮ ಕಣ್ಣಿಗೆ ಕಾಣುತ್ತದೆ. ಹತ್ತು ಸಣ್ಣ ರಾಕ್ಷಸರನ್ನು ಗೆದ್ದರೆ ಬಲ ಇಷ್ಟು ಏರಿತು, ಇನ್ನಿಷ್ಟು ಗೆದ್ದರೆ ಹೊಸ ವಿದ್ಯೆ ಬರುತ್ತದೆ ಎಂದು ಅಂಕಿಯಲ್ಲಿ ತೋರಿಸುತ್ತಾರೆ. ನಿನ್ನೆ ತನ್ನನ್ನು ಸೋಲಿಸಿದ ರಾಕ್ಷಸನನ್ನು ಇವತ್ತು ಗೆಲ್ಲಬಹುದು. ಮೂರು ತಿಂಗಳು ಬೀಜಗಣಿತ ಓದಿದ ಹುಡುಗನಿಗೆ ಇಂಥ ಲೆಕ್ಕವನ್ನು ನಾವು ಮೇಷ್ಟ್ರುಗಳು ಎಂದೂ ತೋರಿಸಿದ್ದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ರಯನ್ ಮತ್ತು ಜೊತೆಗಾರರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ರಘು ಕಳಿಸಿದ್ದ. ತಾನೇ ನಿರ್ಧರಿಸಬೇಕು, ಮಾಡಿದ್ದು ಕೈಗೂಡಬೇಕು, ಜೊತೆಗೆ ಯಾರಾದರೂ ಇರಬೇಕು ಎಂಬ ಮನುಷ್ಯನ ಮೂರು ಹಸಿವುಗಳನ್ನು ಆಟಗಳು ತಣಿಸುತ್ತವೆ, ಆದ್ದರಿಂದ ಎಳೆಯುತ್ತವೆ ಎಂಬುದು ಅದರ ಸಾರ. ಈ ಮೂರರಲ್ಲಿ ಚಿನ್ಮಯನಿಗೆ ಹೊರಗೆ ಯಾವುದು ಸಿಗುತ್ತಿಲ್ಲ ಎಂಬುದನ್ನು ನೀನೇ ನೋಡು.

ಮೂರನೆಯ ಹಸಿವಿಗೆ ನಾರ್ವೆಯ ಒಬ್ಬ ಯುವಕನ ಕಥೆ ಸಾಕು. ಸ್ನಾಯುಗಳು ಕ್ಷೀಣಿಸುವ ರೋಗದಿಂದ ಗಾಲಿಕುರ್ಚಿಯಲ್ಲಿದ್ದ ಅವನು ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ವೇಷದ ಆಟದಲ್ಲಿ ವರ್ಷಗಟ್ಟಲೆ ಇದ್ದು, 2014ರಲ್ಲಿ 25ನೆಯ ವಯಸ್ಸಿಗೆ ತೀರಿಕೊಂಡ. ಮಗ ಒಂಟಿಯಾಗಿಯೇ ಹೋದನೆಂದು ಕೊರಗುತ್ತಿದ್ದ ತಂದೆ ತಾಯಿಗೆ ಬೇರೆ ಬೇರೆ ದೇಶಗಳಿಂದ ಪತ್ರಗಳು ಬರತೊಡಗಿದವು. ಆಟದಲ್ಲಿ ಅವನ ಜೊತೆಗಿದ್ದ ಕೆಲವರು ಅಂತ್ಯಕ್ರಿಯೆಗೂ ಬಂದರು.

ಇಷ್ಟು ಹೇಳಿದ ಮೇಲೆ ನನ್ನದೊಂದು ಮಾತು ಹೇಳದಿದ್ದರೆ ಆಗುವುದಿಲ್ಲ. ನಮ್ಮೂರಿನ ಸಂಘವೊಂದರಲ್ಲಿ 18 ವರ್ಷ ತಾಳಮದ್ದಳೆಗೆ ಕೂತಿದ್ದೇನೆ. ಸಂಘದ ಹೆಸರು ಬೇಡ, ನಿಮಗೆಲ್ಲ ಗೊತ್ತಿದೆ. ನನಗೆ ಬೇಕಾಗಿದ್ದುದು ಕರ್ಣ. ಕುಮಾರವ್ಯಾಸನ ಕರ್ಣಭೇದನದ ಪದ್ಯಗಳು ನನಗೆ ಇವತ್ತಿಗೂ ಬಾಯಿಪಾಠ. 18 ವರ್ಷದಲ್ಲಿ ನನಗೆ ಸಿಕ್ಕಿದ್ದು ದೂತ, ಸಂಜಯ, ಮತ್ತೆ ದೂತ. ಒಮ್ಮೆ ಮಾತ್ರ, ಬರಬೇಕಾದವರ ಬಸ್ಸು ತಡವಾದದ್ದರಿಂದ ಕಾಲು ಗಂಟೆ ವಿದುರ. ಒಂದು ನವರಾತ್ರಿಗೆ ಕರ್ಣ ಕೊಡುತ್ತೇವೆಂದು ಮಾತು ಕೊಟ್ಟು, ನಾನು ಎರಡು ತಿಂಗಳು ಹಿತ್ತಿಲಲ್ಲಿ ಬಾಳೆಗಿಡಗಳ ಎದುರು ಅರ್ಥ ಹೇಳಿ ತಯಾರಾದ ಮೇಲೆ, ಊಟದ ಖರ್ಚು ವಹಿಸಿಕೊಂಡವರ ಭಾವನಿಗೆ ಅದನ್ನು ಕೊಟ್ಟರು. ಆ ಮನುಷ್ಯ ಕುಂತಿಯ ಎದುರು ಬರೆದುಕೊಂಡು ಬಂದ ಚೀಟಿ ಓದಿದ! ವೇಷದ ಆಟದಲ್ಲಿ ‘ಈ ಪಾತ್ರ ನಿನಗಲ್ಲ’ ಎನ್ನುವ ಕಾರ್ಯದರ್ಶಿ ಇಲ್ಲ. ಮೂಲೆಯಲ್ಲಿ ಕೂರುವ ಹುಡುಗ ಅಲ್ಲಿ ಮೊದಲ ದಿನವೇ ಕರ್ಣನಾಗಬಹುದು. ನನಗೆ ಹದಿನಾಲ್ಕರಲ್ಲಿ ಅದು ಸಿಕ್ಕಿದ್ದರೆ ನಾನೂ ಊಟಕ್ಕೆ ಏಳುತ್ತಿರಲಿಲ್ಲ.

ನಿನ್ನ ಪ್ರಶ್ನೆಯ ಚರ್ಚಿನ ವಿಷಯ ಮರೆತೇಬಿಟ್ಟಿದ್ದೆ. ಚಿನ್ಮಯ ನೆಪ ಹೇಳುತ್ತಿಲ್ಲ ವಿದ್ಯಾ. ಆ ಆಟದಲ್ಲಿ ನಡೆದು ಬಂದ ದಾರಿಯನ್ನು ಉಳಿಸಿಕೊಳ್ಳುವ ಜಾಗಗಳಲ್ಲಿ ಚರ್ಚೂ ಒಂದು. ದೇವಿಯ ವಿಗ್ರಹದ ಎದುರು, ದಾರಿಯಲ್ಲಿ ಬೆಂಕಿ ಹಾಕಿ ತಂಗುವ ಕಡೆಯೂ ಉಳಿಸಬಹುದು. 1986ರ ಮೊದಲ ಆಟದಲ್ಲಿ ಇಷ್ಟೂ ಇರಲಿಲ್ಲ. ರಾಜ 20 ಅಕ್ಷರಗಳ ಒಂದು ಮಂತ್ರ ಹೇಳುತ್ತಿದ್ದ, ಅದನ್ನು ಕಾಗದದಲ್ಲಿ ಬರೆದುಕೊಳ್ಳಬೇಕಿತ್ತು, ಒಂದಕ್ಷರ ತಪ್ಪಿದರೆ ಆಡಿದ್ದೆಲ್ಲ ಹೋಯಿತು. ಆದ್ದರಿಂದ ಊಟದ ಹೊತ್ತಿಗೆ ಕರೆಯಬೇಡ. ಅರ್ಧ ಗಂಟೆ ಮೊದಲು ಹೋಗಿ ‘ಹತ್ತಿರದ ಚರ್ಚ್ ಎಷ್ಟು ದೂರ’ ಎಂದು ಕೇಳು. ಅಲ್ಲಿ ಉಳಿಸಿ ಏಳುವುದೆಂದು ಮಾತಾಗಲಿ. ಉಳಿಸಿಯಾದ ಮೇಲೂ ಏಳದಿದ್ದರೆ ಆಗ ಬೈಯುವ ಹಕ್ಕು ನಿನಗಿದೆ. ರಾತ್ರಿ ಹತ್ತರ ನಂತರ ಆಟ ಬೇಡ, ಅದರಲ್ಲಿ ರಿಯಾಯಿತಿ ಕೊಡಬೇಡ. ಉಚಿತವೆಂದು ಸಿಗುವ ಬೇರೆ ಕೆಲವು ವೇಷದ ಆಟಗಳಲ್ಲಿ ಹೊಸ ಪಾತ್ರಗಳನ್ನು ಲಾಟರಿಯಂತೆ ದುಡ್ಡಿಗೆ ಮಾರುತ್ತಾರೆ. ನಿನ್ನ ಯುಪಿಐ ಪಿನ್ ಅವನಿಗೆ ಗೊತ್ತಿದ್ದರೆ ಇವತ್ತೇ ಬದಲಿಸು.

ಕಾಯಿಲೆಯೇ ಎಂಬ ನಿನ್ನ ಭಯಕ್ಕೂ ಉತ್ತರವಿದೆ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ತಂದ ರೋಗಪಟ್ಟಿಯಲ್ಲಿ ಆಟದ ಗೀಳೂ ಸೇರಿದೆ. ಆದರೆ ಆಟದ ಮೇಲೆ ಹಿಡಿತ ತಪ್ಪಿ, ಉಳಿದೆಲ್ಲಕ್ಕಿಂತ ಅದೇ ಮುಖ್ಯವಾಗಿ, ಓದು, ಮನೆ, ಸ್ನೇಹ ಎಲ್ಲ ಹಾಳಾಗುತ್ತಿದ್ದರೂ ಬಿಡಲಾಗದೆ, ಇದು ಸಾಮಾನ್ಯವಾಗಿ 12 ತಿಂಗಳು ನಡೆದಿದ್ದರೆ ಮಾತ್ರ ಆ ಹೆಸರು ಕೊಡುತ್ತಾರೆ. ಚಿನ್ಮಯ ಬೆಳಿಗ್ಗೆ ಎದ್ದು ಶಾಲೆಗೆ ಹೋಗುತ್ತಾನೆ, ಭಾನುವಾರ ಕ್ರಿಕೆಟ್ಟಿಗೂ ಹೋಗುತ್ತಾನೆ. ಅದೆಲ್ಲ ನಿಂತರೆ ವೈದ್ಯರ ಹತ್ತಿರ ಕರೆದುಕೊಂಡು ಹೋಗು, ಗುಂಪಿನಲ್ಲಿ ಕೇಳುತ್ತ ಕೂರಬೇಡ.

ಈ ಶನಿವಾರ ಅರ್ಧ ಗಂಟೆ ಅವನ ಪಕ್ಕದಲ್ಲಿ ಕೂತು, ಆ ಕಳ್ಳ ಯಾರು, ರಾಜ ಯಾಕೆ ಹಾಗೆ ಮಾಡಿದ ಎಂದು ಕೇಳು. ಅವನು ಏನು ಹೇಳಿದನೆಂಬುದನ್ನು ಇಲ್ಲಿ ಬರೆ, ರಘುವೂ ತಿಳಿಯಬೇಕೆನ್ನುತ್ತಿದ್ದಾನೆ.