‘ಲೆಸ್ಟ್’: ಕಲ್ಲಿನ ಮೇಲೆ ಕೆತ್ತಲು ಕನ್ನಡ ಬೇಕು

ಪ್ರಶ್ನೆ:
ಯುದ್ಧ ಸ್ಮಾರಕದ ಕಲ್ಲಿಗೆ ಇಂಗ್ಲಿಷಿನ ‘ಲೆಸ್ಟ್ ವಿ ಫರ್ಗೆಟ್’ ಅನ್ನುವುದರ ಕನ್ನಡ ಬೇಕು. ನಾಳೆ ಬೆಳಿಗ್ಗೆ ಕೊಡಲೇಬೇಕು. ‘ಮರೆಯದಂತೆ’ ಅಂತ ಬರೆದೆ, ಮಾತು ಅರ್ಧಕ್ಕೇ ನಿಂತ ಹಾಗಿದೆ. ‘ಇಲ್ಲದಿದ್ದರೆ ಮರೆಯುತ್ತೇವೆ’ ಅಂದರೆ ಸರಿಯಾಗುತ್ತಾ?

ಉತ್ತರ 1:
ಆಗುವುದಿಲ್ಲ. ‘ಇಲ್ಲದಿದ್ದರೆ’ ಅನ್ನುವುದು ‘ಅದರ್‌ವೈಸ್’. ಲೆಸ್ಟ್‌ನಲ್ಲಿ ಇರುವುದು ಅಳುಕು: ಹಾಗೆ ಆಗಿಬಿಟ್ಟೀತು, ಆಗಬಾರದು. ‘ಬೇಡ’ ಅನ್ನುವುದು ಆ ಪದದ ಒಳಗೇ ಇದೆ, ಅದಕ್ಕೇ ಮುಂದೆ ‘ನಾಟ್’ ಸೇರಿಸಬಾರದು. ಹಳೆಯ ಇಂಗ್ಲಿಷ್‌ನಲ್ಲಿ ಇದು ಮೂರು ಪದಗಳ ಕಟ್ಟು, ನಡುವಿನದು ಇವತ್ತಿನ ‘ಲೆಸ್’. ಮೊದಲ ಪದ ಉದುರಿತು, ಕೊನೆಯದರ ಸದ್ದು ‘ಲೆಸ್’ಗೆ ಅಂಟಿಕೊಂಡಿತು. ‘ಅನ್‌ಲೆಸ್’ನಲ್ಲೂ ಅದೇ ‘ಲೆಸ್’. ಅಲ್ಲಿನ ‘ಅನ್’ ಮೊದಲು ‘ಆನ್’ ಆಗಿತ್ತು, ‘ಅನ್‌ಹ್ಯಾಪಿ’ಯ ‘ಅನ್’ ಅಲ್ಲವೇ ಅಲ್ಲ.

ನಮ್ಮಲ್ಲಿ ಸಂಭಾವನಾರ್ಥಕ, ಅಂದರೆ ‘ಹೀಗೆ ಆದೀತು’ ಅನ್ನುವ ಕ್ರಿಯಾರೂಪ, ಇರುವುದು ಯಾತಕ್ಕೆ? ‘ಮೆಲ್ಲಗೆ ನಡಿ, ಬಿದ್ದೀಯ.’ ಇದಕ್ಕಿಂತ ಚೊಕ್ಕ ಲೆಸ್ಟ್ ಬೇಕಾ? ‘ಬೇಡ’ ಅನ್ನದೆಯೂ ಬೀಳಬೇಡ ಅಂತ ಕೇಳಿಸುತ್ತೆ. ‘ಮರೆತೇವು, ಎಚ್ಚರ’ ಅಂತ ಕೆತ್ತಿಸಿ. ಹೆದರಿಕೆಯ ಕ್ರಿಯಾಪದದ ಜೊತೆ ಲೆಸ್ಟ್ ಬಂದರೆ ಮಾತ್ರ ದಾರಿ ಬೇರೆ: ‘ಎಲ್ಲಿ ಬಿದ್ದುಬಿಡುತ್ತಾನೋ ಅಂತ ಹೆದರಿದಳು.’

ಉತ್ತರ 2:
ಆ ‘ಎಲ್ಲಿ’ ಹಿಂದಿಯ ‘ಕಹೀಂ’ ನೋಡಿ ಬಂದದ್ದು. ಅದನ್ನ ಬಿಡಿ. ಲೆಸ್ಟ್‌ಗೆ ಅಂತಲೇ ಒಂದು ಅಚ್ಚಗನ್ನಡ ಪದ ಕಟ್ಟಬೇಕು. ಸುಮ್ನೆ ಕೂತರೆ ‘ಅಥವಾ’ ಬಂದ ಹಾಗೆ ಇದೂ ಹೊರಗಿನಿಂದ ಬರುತ್ತೆ.

ಉತ್ತರ 1:
ಆಧಾರ ಕೊಡಿ. ಎರಡು ಭಾಷೆಯಲ್ಲಿ ಒಂದೇ ಥರ ಇದ್ದರೆ ಒಂದು ಇನ್ನೊಂದರ ಸಾಲ ಅಂತ ಆಗುವುದಿಲ್ಲ. ‘ಎಲ್ಲಿ’ ನಮ್ಮದು, ‘ಬಿಡುತ್ತಾನೋ’ದ ಕೊನೆಯ ‘ಓ’ ನಮ್ಮದು. ಪದಕ್ಕೊಂದು ಪದ ಅನ್ನುವ ಲೆಕ್ಕವೇ ತಪ್ಪು. ಇಂಗ್ಲಿಷಿನವರು ಎರಡು ವಾಕ್ಯದ ನಡುವೆ ಇಡುವ ಕೊಂಡಿ ನಮ್ಮಲ್ಲಿ ಕ್ರಿಯಾಪದದ ಕೊನೆಯಲ್ಲೇ ಇದೆ. ‘ಅಥವಾ’ ತಂದರು, ಸರಿ. ಅದರಿಂದ ‘ಇಲ್ಲವೇ’ ಸತ್ತುಹೋಯಿತಾ?

ಉತ್ತರ 3:
ಜಗಳ ಆಮೇಲೆ ಆಡಿ. ಈ ಸಾಲು ಜನರ ಬಾಯಿಗೆ ಬಂದದ್ದು ಇಂಗ್ಲಿಷ್ ಕವಿ ಕಿಪ್ಲಿಂಗ್ 1897ರಲ್ಲಿ ಬರೆದ ಪದ್ಯದಿಂದ. ಅಲ್ಲಿ ಅದು ಪ್ರಾರ್ಥನೆಯ ಬಾಲ: ದೇವರೇ ಜೊತೆಗಿರು, ನಾವು ಮರೆತೇವು. ಸ್ಮಾರಕಗಳ ಮೇಲೆ ಮುಖ್ಯ ವಾಕ್ಯ ಬಿಟ್ಟುಹೋಗಿದೆ. ಅಂದರೆ ಮೂಲವೂ ಅರ್ಧವೇ. ‘ಎಚ್ಚರ’ ಸೇರಿಸಿದರೆ ರಸ್ತೆ ತಿರುವಿನ ಫಲಕದ ಹಾಗೆ ಕಾಣುತ್ತೆ. ‘ಮರೆತೇವು’ ಒಂದನ್ನೇ ಕೆತ್ತಿದರೆ ಇನ್ನೊಂದು ಅಪಾಯ. ‘ತೇ’ಯ ದೀರ್ಘ ಬಿಟ್ಟುಹೋದರೆ, ಇಲ್ಲವೇ ಸವೆದರೆ, ‘ಮರೆತೆವು’ ಆಗುತ್ತೆ. ಸತ್ತವರ ಹೆಸರಿನ ಮೇಲೆ ‘ನಾವು ಮರೆತೆವು’ ಅಂತ! ‘ಮರೆಯದಿರೋಣ’ ಹಾಕಿ.

ಉತ್ತರ 1:
‘ಮರೆಯದಿರೋಣ’ದಲ್ಲಿ ಸಂಕಲ್ಪ ಇದೆ, ಅಳುಕಿಲ್ಲ. ಅದು ‘ಲೆಟ್ ಅಸ್ ನಾಟ್ ಫರ್ಗೆಟ್’. ದೀರ್ಘವನ್ನ ಆಳವಾಗಿ ಕೆತ್ತಿಸಿ, ಮುಗಿಯಿತು.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ವಂದನೆ. ಕಲ್ಲು ಬಯಲಲ್ಲಿ ನಿಲ್ಲುತ್ತೆ, ಮಳೆ ಗಾಳಿಗೆ ಸವೆಯುತ್ತೆ. ‘ಮರೆಯದಿರೋಣ’ ಕಳಿಸುತ್ತಿದ್ದೇನೆ.