ಪ್ಲಿನಿ ಬರೆದದ್ದು ಕಲ್ನಾರಿನ ದೂಳಿನ ಬಗ್ಗೆ ಅಲ್ಲ

ಶ್ರೀಧರ ಮಾವ: [ಫಾರ್ವರ್ಡ್] ಕಲ್ನಾರು (ಆಸ್ಬೆಸ್ಟಾಸ್) ಗಣಿಯ ಗುಲಾಮರು ಎದೆ ಕೆಟ್ಟು ಸಾಯುತ್ತಿದ್ದರು ಅಂತ ರೋಮಿನ ಲೇಖಕ ಪ್ಲಿನಿ 2000 ವರ್ಷದ ಹಿಂದೆಯೇ ಬರೆದಿದ್ದಾನೆ. ದೂಳು ತಡೆಯಲು ಪ್ರಾಣಿಯ ಮೂತ್ರಕೋಶವನ್ನು ಮುಖಕ್ಕೆ ಕಟ್ಟಿಕೊಳ್ಳುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು!! ಎಲ್ಲಾ ಗುಂಪಿಗೂ ಕಳಿಸಿ.

ಪದ್ಮ ಅತ್ತೆ: ಅಯ್ಯೋ, ನಮ್ಮ ಕೊಟ್ಟಿಗೆ ಮೇಲಿರೋದೂ ಅದೇ ಶೀಟಲ್ವಾ?

ಸುಮಾ: ಮಾವ, ಮೂತ್ರಕೋಶದ ಮಾತು ಪ್ಲಿನಿ ಬರೆದದ್ದೇ. ಆದರೆ ಅದು ಇಂಗಲೀಕದ ಕೆಲಸ ಮಾಡುವವರ ಬಗ್ಗೆ. ಪಾದರಸ ಸಿಗುತ್ತಲ್ಲ, ಆ ಕೆಂಪು ಅದಿರು. ಯಾರೋ ಎರಡನ್ನೂ ಸೇರಿಸಿಬಿಟ್ಟಿದ್ದಾರೆ. ಕಲ್ನಾರಿನ ಬಟ್ಟೆ ಕಂಡು ಪ್ಲಿನಿ ಬೆರಗಾಗಿದ್ದ. ಊಟದ ವಸ್ತ್ರವನ್ನು ಬೆಂಕಿಗೆ ಹಾಕಿದರೆ ನೀರಲ್ಲಿ ಒಗೆದದ್ದಕ್ಕಿಂತ ಚೊಕ್ಕವಾಗಿ ಬರುತ್ತಿತ್ತಂತೆ. ರಾಜರ ಹೆಣಕ್ಕೆ ಅದನ್ನೇ ಸುತ್ತುತ್ತಿದ್ದರು, ಅವರ ಬೂದಿ ಚಿತೆಯ ಬೂದಿಗೆ ಬೆರೆಯದಿರಲಿ ಅಂತ. ಅವನು ಅದನ್ನು ಗಿಡ ಅಂದುಕೊಂಡಿದ್ದ. ಅದೂ ಇಂಡಿಯಾದ ಮರಳುಗಾಡಲ್ಲಿ, ವಿಷದ ಹಾವುಗಳ ನಡುವೆ ಬೆಳೆಯುವ ಗಿಡ! ಕಲ್ಲಿನ ನಾರು ಅಂತ ಹೆಸರಿಟ್ಟ ನಮ್ಮವರೇ ಸರಿಯಾಗಿ ಗುರುತಿಸಿದ್ದಾರೆ.

ರವಿ: ಎರಡೂ ವಿಷವೇ ಬಿಡು. ಮಾವ ಒಳ್ಳೆಯದಕ್ಕೇ ಕಳಿಸಿದ್ದು.

ಸುಮಾ: ಒಳ್ಳೆಯದಕ್ಕೇ ರವಿ ಅಣ್ಣ. ಆದರೆ 'ಎಲ್ಲರಿಗೂ ಗೊತ್ತಿತ್ತು' ಅಂದುಬಿಟ್ಟರೆ ತಪ್ಪು ಯಾರದ್ದೂ ಅಲ್ಲ ಅಂತಾಗುತ್ತೆ. ಎಷ್ಟೋ ಕಾಲ ಇದೊಂದು ಅಪರೂಪದ ವಸ್ತುವಾಗಿತ್ತು. 1725ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಲಂಡನ್‌ನಲ್ಲಿ ಒಂದು ಕಲ್ನಾರಿನ ಚೀಲ ಮಾರಿದ್ದ. ಅದು ಇವತ್ತಿಗೂ ಅಲ್ಲಿನ ಮ್ಯೂಸಿಯಂನಲ್ಲಿದೆ, ಅಷ್ಟು ಅಪರೂಪ. 1876ರಲ್ಲಿ ಕೆನಡಾದ ಥೆಟ್‌ಫರ್ಡ್‌ನಲ್ಲಿ ಇದು ರಾಶಿ ರಾಶಿ ಸಿಕ್ಕಿತು. ಬಾಯ್ಲರಿಗೆ, ಉಗಿಯ ಪೈಪಿಗೆ ಸುತ್ತಲು ಬೇಡಿಕೆ ಏರಿತು. ಆಸ್ಟ್ರಿಯಾದ ಲುಡ್ವಿಗ್ ಹಾಟ್ಷೆಕ್ ಸಿಮೆಂಟ್ ಜೊತೆ ಬೆರೆಸಿ ಶೀಟು ಮಾಡಿ 1901ರಲ್ಲಿ ಪೇಟೆಂಟ್ ಪಡೆದ. ಅತ್ತೆ, ಕೊಟ್ಟಿಗೆಯ ಶೀಟು ಅದೇ ವಂಶದ್ದು.

ಶ್ರೀಧರ ಮಾವ: ಹಾಗಾದ್ರೆ ಯಾರಿಗೂ ಗೊತ್ತಿರಲಿಲ್ಲ ಅಂತಾಯ್ತಲ್ಲ. ನಾನು 30 ವರ್ಷ ಕಾರ್ಖಾನೆಯಲ್ಲಿ ದುಡಿದವನಮ್ಮ. ಗೊತ್ತಿಲ್ಲದೆ ಆದದ್ದಕ್ಕೆ ಯಾರನ್ನ ಬೈಯೋದು?

ಸುಮಾ: ಗೊತ್ತಿತ್ತು ಮಾವ, ಅದೇ ನನ್ನ ಸಂಕಟ. ಲೂಸಿ ಡೀನ್ ಅಂತ ಬ್ರಿಟನ್ನಿನ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಇದ್ದರು. ಆ ಕೆಲಸಕ್ಕೆ ಸೇರಿದ ಮೊದಮೊದಲ ಹೆಂಗಸರಲ್ಲಿ ಒಬ್ಬರು. ಈ ದೂಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಣಗಳು ಗಾಜಿನ ಚೂರಿನ ಹಾಗೆ ಚೂಪು, ಕೋಣೆಯಲ್ಲಿ ಹಾರಾಡಿದರೆ ಅಪಾಯ ಅಂತ 1898ರ ವರದಿಯಲ್ಲೇ ಬರೆದರು. ಸರ್ಕಾರವೇ ಅಚ್ಚು ಹಾಕಿಸಿದ ವರದಿ ಅದು. ಮರುವರ್ಷ ಲಂಡನ್‌ನ ಡಾಕ್ಟರ್ ಮಾಂಟೇಗ್ ಮರ್ರೆ ಹತ್ತಿರ ನಾರು ಬಿಡಿಸುವ ಕೋಣೆಯಲ್ಲಿ ದುಡಿದ ಒಬ್ಬ ಬಂದ. ಆ ಕೋಣೆಯಲ್ಲಿದ್ದ 10 ಜನರಲ್ಲಿ ಉಳಿದವನು ತಾನೊಬ್ಬನೇ ಅಂದ. 1900ರಲ್ಲಿ ಅವನೂ ಹೋದ. ಡಾಕ್ಟರ್ ಇದನ್ನ 1906ರಲ್ಲಿ ಸರ್ಕಾರದ ಸಮಿತಿ ಮುಂದೆ ಹೇಳಿದರು. ಆದರೂ ಪರಿಹಾರ ಕೊಡುವ ಕಾಯಿಲೆಗಳ ಪಟ್ಟಿಗೆ ಇದು ಸೇರಲಿಲ್ಲ.

ರವಿ: ಅಲ್ಲಿ ದೂಳು ತಡೆಯುವ ನಿಯಮ ಬಂದದ್ದು ಯಾವಾಗ?

ಸುಮಾ: 1931ರಲ್ಲಿ. ಆ 33 ವರ್ಷದಲ್ಲಿ ದೂಳು ಕುಡಿದವರನ್ನು ನೆನೆಸಿಕೊಳ್ಳಿ. ಬ್ರಿಟನ್ನಿನ ರಾಚ್‌ಡೇಲ್ ಊರಿನ ಕಲ್ನಾರು ಕಾರ್ಖಾನೆಯಲ್ಲಿ ದುಡಿದ ನೆಲ್ಲಿ ಕರ್ಶಾ 1924ರಲ್ಲಿ ತೀರಿಕೊಂಡಾಗ ವಯಸ್ಸು ಬರೀ 33. ಹಾಸಿಗೆ ಹಿಡಿದಾಗ ಕಂಪನಿ ಪರಿಹಾರ ಕೊಡಲಿಲ್ಲ.

ಪದ್ಮ ಅತ್ತೆ: ಪಾಪ ಆ ಹುಡುಗಿ. ನಾಳೆ ಮೇಸ್ತ್ರಿ ಶೀಟು ಕೊಯ್ಯೋಕೆ ಬರ್ತಾನಲ್ಲೇ ಸುಮಾ?

ಸುಮಾ: ಬೇಡ ಅತ್ತೆ, ಕೊಯ್ಯಿಸಬೇಡಿ. ತೂತು ಕೊರೆದರೂ, ಒಡೆದರೂ ದೂಳೇಳುತ್ತೆ. ತೆಗೆಯಲೇಬೇಕಾದರೆ ನೀರು ಚಿಮುಕಿಸಿ ಇಡೀ ಶೀಟನ್ನೇ ಇಳಿಸಲಿ. ಹುಡುಗರು ಹತ್ತಿರ ಸುಳಿಯೋದು ಬೇಡ.

ಶ್ರೀಧರ ಮಾವ: ಸುಮಾ, ಆ ಇನ್‌ಸ್ಪೆಕ್ಟರಮ್ಮನ ಹೆಸರು ಇನ್ನೊಂದ್ಸಲ ಕಳಿಸು. ನಮ್ಮ ಫ್ಯಾಕ್ಟರಿ ಗೆಳೆಯರ ಗುಂಪಿಗೂ ಹಾಕಿಬಿಟ್ಟಿದ್ದೆ, ಅಲ್ಲೂ ತಿದ್ದಬೇಕು.

ಸುಮಾ: ಲೂಸಿ ಡೀನ್, 1898.